ಟಾನ್ಸಿಲ್, ಅಡಿನಾಯ್ಡ್: ಕಾಯುವುದೇ, ಭಾಗಶಃ ತೆಗೆಸುವುದೇ, ಪೂರ್ತಿ ತೆಗೆಸುವುದೇ?

ಮಗುವಿನ ಟಾನ್ಸಿಲ್ ತೆಗೆಸಬೇಕಾಗಬಹುದು ಎಂದು ವೈದ್ಯರು ಹೇಳಿದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ತೆಗೆದರೆ ರೋಗನಿರೋಧಕ ಶಕ್ತಿ ಕುಂದುವುದಿಲ್ಲವೇ? ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ತೀರ್ಮಾನ ನಿಲ್ಲುವುದು ಬಹುಪಾಲು ಬೇರೆ ಮೂರು ಸಂಗತಿಗಳ ಮೇಲೆ. ತೊಂದರೆ ಪದೇ ಪದೇ ಬರುವ ಸೋಂಕಿನದೋ, ಉಸಿರಿನ ದಾರಿ ಕಟ್ಟಿಕೊಂಡದ್ದೋ? ಕಾಟ ಕೊಡುತ್ತಿರುವುದು ಟಾನ್ಸಿಲ್ಲೋ, ಅಡಿನಾಯ್ಡೋ, ಎರಡೂ ಸೇರಿಯೋ? ವಯಸ್ಸೆಷ್ಟು? ಇವಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ರೋಗನಿರೋಧಕ ಶಕ್ತಿಯ ಪ್ರಶ್ನೆ ನಿಜವಾಗಿ ತೂಕ ಪಡೆಯುವುದು ತೀರಾ ಚಿಕ್ಕ ಮಕ್ಕಳಲ್ಲಿ, ಮತ್ತು ಪೂರ್ತಿ ತೆಗೆಯುವುದೋ ಒಂದಿಷ್ಟು ಉಳಿಸುವುದೋ ಎಂದು ಯೋಚಿಸುವಾಗ.

ಇವೆರಡರ ಕೆಲಸ

ಬಾಯಿ ತೆರೆದಾಗ ಕಿರುನಾಲಿಗೆಯ ಎರಡೂ ಬದಿಗೆ ಕಾಣುವ ಉಂಡೆಗಳು ಟಾನ್ಸಿಲ್. ಅಡಿನಾಯ್ಡ್ ಕಣ್ಣಿಗೆ ಕಾಣುವುದಿಲ್ಲ. ಮೂಗಿನ ಹಿಂದೆ, ಮೆದು ಅಂಗುಳದ ಮೇಲ್ಗಡೆ, ಕಿವಿಯಿಂದ ಬರುವ ಯುಸ್ಟೇಶಿಯನ್ ನಾಳದ ಬಾಯಿಯ ಪಕ್ಕದಲ್ಲಿ ಅದು ಕೂತಿರುತ್ತದೆ. ಇವಲ್ಲದೆ ನಾಲಿಗೆಯ ಬುಡದಲ್ಲೂ ಯುಸ್ಟೇಶಿಯನ್ ನಾಳದ ಸುತ್ತಲೂ ಇದೇ ಜಾತಿಯ ಅಂಗಾಂಶ ಇದೆ. ಎಲ್ಲ ಸೇರಿ ಗಂಟಲಿನ ಸುತ್ತ ಒಂದು ಬಳೆಯಾಗುತ್ತದೆ. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವಿಲ್ಹೆಲ್ಮ್ ವಾಲ್ಡೆಯರ್ ಹೆಸರಿನಲ್ಲಿ ಇದನ್ನು ವಾಲ್ಡೆಯರ್ ಉಂಗುರ ಎನ್ನುತ್ತಾರೆ. ಎರಡು ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆದ ಮೇಲೂ ಈ ಉಂಗುರದ ಉಳಿದ ಭಾಗ ಅಲ್ಲೇ ಇರುತ್ತದೆ ಎಂಬುದನ್ನು ನೆನಪಿಡಿ.

ಕತ್ತಿನ ದುಗ್ಧಗ್ರಂಥಿಗೆ (ರೋಗಾಣು ಸೋಸುವ ಗಂಟಿಗೆ) ದುಗ್ಧರಸ ನಾಳಗಳಲ್ಲಿ ಹರಿದು ಬರುತ್ತದೆ. ಟಾನ್ಸಿಲ್‌ಗೆ ಹಾಗೆ ಒಳತರುವ ನಾಳಗಳೇ ಇಲ್ಲ. ಬಾಯಿಯ ಮೂಲಕ ಹೋಗುವುದನ್ನು ಅದು ನೇರವಾಗಿಯೇ ಹಿಡಿದು ಪರೀಕ್ಷಿಸುತ್ತದೆ. ಅದಕ್ಕಾಗಿ ಒಂದೊಂದು ಟಾನ್ಸಿಲ್‌ನಲ್ಲೂ ಸುಮಾರು 10ರಿಂದ 30 ಆಳವಾದ ಬಿಲಗಳಿವೆ. ಬಿಲದ ಗೋಡೆ ತೆಳ್ಳಗೆ, ಜಾಳಾಗಿದೆ. ಅಲ್ಲಿಯ ಎಂ ಕೋಶಗಳು ರೋಗಾಣುವಿನ ತುಣುಕನ್ನು ಒಳಗೆ ದಾಟಿಸುತ್ತವೆ, ಡೆಂಡ್ರಿಟಿಕ್ ಕೋಶಗಳು ಅದನ್ನು ಟಿ ಕೋಶಗಳೆಂಬ ಬಿಳಿ ರಕ್ತಕೋಶಗಳಿಗೆ ತೋರಿಸುತ್ತವೆ, ಟಿ ಕೋಶಗಳ ನೆರವಿನಿಂದ ಇನ್ನೊಂದು ಬಗೆಯ ಬಿಳಿ ರಕ್ತಕೋಶಗಳಾದ ಬಿ ಕೋಶಗಳು, ರೋಗಾಣುವಿಗೆ ಅಂಟಿ ತಡೆಯುವ ಪ್ರತಿಕಾಯ ತಯಾರಿಸುವುದನ್ನು ಕಲಿಯುತ್ತವೆ. ಹೀಗೆ ಪಳಗಿದ ಬಿ ಕೋಶಗಳಲ್ಲಿ ಕೆಲವು ಅಲ್ಲೇ ಉಳಿಯುತ್ತವೆ, ಉಳಿದವು ಮೂಗು, ಗಂಟಲು, ಜೊಲ್ಲುಗ್ರಂಥಿಗಳ ಒಳಪದರಕ್ಕೆ ಹೋಗಿ ನೆಲೆಸುತ್ತವೆ. ಜಾಳು ಗೋಡೆಗೆ ತೆರಬೇಕಾದ ಬೆಲೆಯೂ ಇದೆ. ಅದೇ ಬಿಲದಲ್ಲಿ ಬ್ಯಾಕ್ಟೀರಿಯಾ ಬೀಡುಬಿಟ್ಟು, ಸತ್ತ ಕೋಶಗಳ ಜೊತೆ ಗಟ್ಟಿಯಾಗಿ, ನಾರುವ ಬಿಳಿ ಕಲ್ಲುಗಳಾಗುತ್ತವೆ.

ಅಡಿನಾಯ್ಡ್‌ನಲ್ಲಿ ಆಳದ ಬಿಲಗಳಿಲ್ಲ, ಮಡಿಕೆಗಳಿವೆ. ಮೇಲಿನ ಪದರ ಉಸಿರಿನ ದಾರಿಯದ್ದೇ, ಸಣ್ಣ ರೋಮಗಳಿರುವಂಥದ್ದು. ಲೋಳೆಯೊಳಗೆ ಸ್ರವಿಸುವ ಐಜಿಎ ಪ್ರತಿಕಾಯವನ್ನು ಹೊರಗೆ ಸಾಗಿಸುವ ಏರ್ಪಾಡು ಟಾನ್ಸಿಲ್‌ಗಿಂತ ಅಡಿನಾಯ್ಡ್‌ನಲ್ಲಿ ಚೆನ್ನಾಗಿದೆ. ಹಾಗಾಗಿ ಮೂಗಿನ ಕಡೆಯ ರಕ್ಷಣೆಯಲ್ಲಿ ಅಡಿನಾಯ್ಡ್‌ನ ಪಾಲು ಹೆಚ್ಚು.

ವಯಸ್ಸಿನ ಲೆಕ್ಕ ಹೀಗಿದೆ: ಅಡಿನಾಯ್ಡ್ ಸುಮಾರು 3ರಿಂದ 7 ವರ್ಷದೊಳಗೆ ಅತಿ ದಪ್ಪವಾಗಿ, ಹರೆಯದ ಹೊತ್ತಿಗೆ ಬಹುತೇಕ ಕುಗ್ಗುತ್ತದೆ. ಟಾನ್ಸಿಲ್ 4ರಿಂದ 10 ವರ್ಷದವರೆಗೆ ಹೆಚ್ಚು ಚುರುಕು. ಈ ವಯಸ್ಸಿನಲ್ಲಿ ದಪ್ಪಗಿರುವುದೇ ರೋಗವಲ್ಲ, ಅದು ಕೆಲಸ ನಡೆಯುತ್ತಿದೆ ಎಂಬುದರ ಗುರುತು. ಚಿಂತೆ ಪಡಬೇಕಾದದ್ದು ಇದಕ್ಕೆ ತದ್ವಿರುದ್ಧ ಸ್ಥಿತಿಯಲ್ಲಿ: ಪದೇ ಪದೇ ನ್ಯುಮೋನಿಯಾ ಆಗುವ ಮಗುವಿನ ಗಂಟಲಲ್ಲಿ ಟಾನ್ಸಿಲ್ ಕಾಣುವುದೇ ಇಲ್ಲ ಎಂದರೆ, ಬಿ ಕೋಶಗಳೇ ಇಲ್ಲದ ಹುಟ್ಟುಕೊರತೆ ಇರಬಹುದು. ಅಂಥ ಮಗುವಿಗೆ ಮೊದಲು ರಕ್ತದ ಇಮ್ಯುನೊಗ್ಲಾಬ್ಯುಲಿನ್ (ಪ್ರತಿಕಾಯ) ಪರೀಕ್ಷೆ ಆಗಬೇಕು.

ತೆಗೆದರೆ ಕಳೆದುಕೊಳ್ಳುವುದೇನು

ಶಸ್ತ್ರಚಿಕಿತ್ಸೆಯ ನಂತರ ರಕ್ತದ ಐಜಿಎ, ಐಜಿಜಿ ಪ್ರತಿಕಾಯಗಳ ಮಟ್ಟ ಸ್ವಲ್ಪ ಇಳಿಯುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಸಾಮಾನ್ಯ ಮಿತಿಯ ಕೆಳಗೆ ಹೋಗುವುದಿಲ್ಲ, ಅದರಿಂದ ಸೋಂಕು ಹೆಚ್ಚಿದ್ದೂ ಸ್ಪಷ್ಟವಾಗಿ ಕಂಡಿಲ್ಲ. ಗುಲ್ಮ (ಸ್ಪ್ಲೀನ್) ತೆಗೆದವರಿಗೆ ವಿಶೇಷ ಲಸಿಕೆಗಳು ಬೇಕೇ ಬೇಕು. ಟಾನ್ಸಿಲ್ ತೆಗೆದವರಿಗೆ ಅಂಥದ್ದೇನೂ ಬೇಡ, ಮಾಮೂಲಿ ಲಸಿಕೆ ಪಟ್ಟಿಯೇ ಸಾಕು. ಎರಡು ಅಂಗಗಳ ನಡುವಿನ ತೂಕದ ವ್ಯತ್ಯಾಸ ಇಷ್ಟರಲ್ಲೇ ಗೊತ್ತಾಗುತ್ತದೆ.

ಹಾಗೆಂದು ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. ಪೋಲಿಯೊ ಹರಡುತ್ತಿದ್ದ ಕಾಲದಲ್ಲಿ ಟಾನ್ಸಿಲ್ ತೆಗೆಸಿಕೊಂಡವರಿಗೆ ಮಿದುಳುಕಾಂಡಕ್ಕೆ ತಗಲುವ ತೀವ್ರ ಬಗೆಯ ಪೋಲಿಯೊ ಹೆಚ್ಚಾಗಿ ಬರುತ್ತಿತ್ತು. 1971ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಟಾನ್ಸಿಲ್ ಅಡಿನಾಯ್ಡ್ ತೆಗೆದ ಮಕ್ಕಳ ಮೂಗು-ಗಂಟಲಿನಲ್ಲಿ ಪೋಲಿಯೊ ವೈರಸ್ ವಿರುದ್ಧದ ಪ್ರತಿಕಾಯ ಮೂರು-ನಾಲ್ಕು ಪಟ್ಟು ಕುಸಿದದ್ದು ಕಂಡಿತು. ಸ್ಥಳೀಯ ರಕ್ಷಣೆಗೆ ಪೆಟ್ಟು ಬೀಳುತ್ತದೆ ಎಂಬುದಕ್ಕೆ ಇದು ನೇರವಾದ ಪುರಾವೆ.

2018ರಲ್ಲಿ ಡೆನ್ಮಾರ್ಕಿನ ದಾಖಲೆಗಳಿಂದ ಬಂದ ಅಧ್ಯಯನ ಹೆಚ್ಚು ಸುದ್ದಿಯಾಯಿತು. 1979ರಿಂದ 1999ರ ನಡುವೆ ಹುಟ್ಟಿದ ಸುಮಾರು 12 ಲಕ್ಷ ಮಕ್ಕಳಲ್ಲಿ, 9 ವರ್ಷದೊಳಗೆ ಈ ಶಸ್ತ್ರಚಿಕಿತ್ಸೆ ಆದವರಿಗೆ ಮುಂದೆ ಮೂಗು-ಗಂಟಲಿನ, ಅಂದರೆ ಉಸಿರಿನ ದಾರಿಯ ಮೇಲ್ಭಾಗದ, ಕಾಯಿಲೆಗಳು ಎರಡು-ಮೂರು ಪಟ್ಟು ಹೆಚ್ಚು ಎಂದು ಅದು ಹೇಳಿತು. ಓದಿದವರು ಗಾಬರಿಯಾಗುವುದು ಸಹಜ. ಆದರೆ ಟಾನ್ಸಿಲ್ ತೆಗೆಸಿಕೊಳ್ಳುವವರು ಮೊದಲೇ ಹೆಚ್ಚು ಕಾಯಿಲೆ ಬೀಳುವ ಮಕ್ಕಳು. ದಾಖಲೆ ನೋಡಿ ಮಾಡುವ ಅಧ್ಯಯನದಲ್ಲಿ ಈ ಒಲವನ್ನು ಪೂರ್ತಿ ತೊಡೆಯಲಾಗದು. ಅದನ್ನು ‘ತೆಗೆಸಲೇಬೇಡಿ’ ಎಂದು ಓದುವುದಕ್ಕಿಂತ ‘ಕಾರಣವಿಲ್ಲದೆ, ಅದೂ ತೀರಾ ಚಿಕ್ಕ ವಯಸ್ಸಿನಲ್ಲಿ, ತೆಗೆಸಬೇಡಿ’ ಎಂದು ಓದುವುದು ಸರಿ.

ಪದೇ ಪದೇ ಗಂಟಲು ಬೇನೆ: ಕಾಯುವುದು ಅಥವಾ ತೆಗೆಸುವುದು

ಇಲ್ಲಿ ಎಣಿಕೆ ಮುಖ್ಯ. ಬಹುಕಾಲದಿಂದ ಬಳಕೆಯಲ್ಲಿರುವ ಪ್ಯಾರಡೈಸ್ ಮಾನದಂಡದ ಪ್ರಕಾರ ಶಸ್ತ್ರಚಿಕಿತ್ಸೆಯ ಮಾತು ಎತ್ತಬೇಕಾದರೆ ಒಂದೇ ವರ್ಷದಲ್ಲಿ 7 ಬಾರಿ, ಅಥವಾ ಸತತ ಎರಡು ವರ್ಷ ವರ್ಷಕ್ಕೆ 5 ಬಾರಿ, ಅಥವಾ ಸತತ ಮೂರು ವರ್ಷ ವರ್ಷಕ್ಕೆ 3 ಬಾರಿ ಗಂಟಲು ಬೇನೆ ಬಂದಿರಬೇಕು. ಪ್ರತಿ ಸಲವೂ ನೋವಿನ ಜೊತೆ ಇವುಗಳಲ್ಲಿ ಒಂದಾದರೂ ಇರಬೇಕು: 38.3 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕತ್ತಿನಲ್ಲಿ ಊದಿದ ಅಥವಾ ಮುಟ್ಟಿದರೆ ನೋಯುವ ಗಂಟು, ಟಾನ್ಸಿಲ್ ಮೇಲೆ ಬಿಳಿ ಕೀವು, ಇಲ್ಲವೇ ಗುಂಪು ಎ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಪರೀಕ್ಷೆ ಪಾಸಿಟಿವ್.

ಬಹಳಷ್ಟು ಮನೆಗಳಲ್ಲಿ ಲೆಕ್ಕ ತಪ್ಪುವುದು ನೆಗಡಿ-ಕೆಮ್ಮಿನ ಜೊತೆ ಬಂದ ಗಂಟಲು ಕೆರೆತವನ್ನೂ ಸೇರಿಸಿಕೊಳ್ಳುವುದರಿಂದ. ಮಕ್ಕಳ ಗಂಟಲು ಬೇನೆಯಲ್ಲಿ ಸ್ಟ್ರೆಪ್ಟೊಕಾಕಸ್ ಪಾಲು ಸುಮಾರು 20ರಿಂದ 30 ಶೇಕಡಾ ಮಾತ್ರ, ಉಳಿದದ್ದು ಹೆಚ್ಚಾಗಿ ವೈರಸ್. ಟಾನ್ಸಿಲ್ ತೆಗೆದರೂ ವೈರಸ್ ನೆಗಡಿ ಬಂದೇ ಬರುತ್ತದೆ. ಆದ್ದರಿಂದ ಇಂದೇ ಒಂದು ಪುಸ್ತಕ ಇಡಿ: ತಾರೀಖು, ಅಳೆದ ಜ್ವರ, ಕೆಮ್ಮು ಇತ್ತೋ ಇಲ್ಲವೋ, ಟಾನ್ಸಿಲ್ ಮೇಲೆ ಬಿಳಿ ಇತ್ತೋ, ಪರೀಕ್ಷೆಯ ಫಲಿತಾಂಶ, ಕೊಟ್ಟ ಔಷಧ, ಶಾಲೆ ತಪ್ಪಿದ ದಿನಗಳು. ನೆನಪಿನಿಂದ ಹೇಳುವ ‘ತಿಂಗಳಿಗೊಮ್ಮೆ ಬರುತ್ತೆ ಡಾಕ್ಟ್ರೇ’ ಎಂಬುದಕ್ಕಿಂತ ಇದರ ಬೆಲೆ ಹೆಚ್ಚು.

ಮಾನದಂಡ ಮುಟ್ಟದಿದ್ದರೆ ಒಂದು ವರ್ಷ ಕಾಯುವುದೇ ಒಳ್ಳೆಯ ಆಯ್ಕೆ. ಅನೇಕ ಮಕ್ಕಳಲ್ಲಿ ಬೇನೆ ತಾನಾಗಿ ಕಡಿಮೆಯಾಗುತ್ತದೆ. ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2014ರ ಕೊಕ್ರೇನ್ ವಿಮರ್ಶೆಯಲ್ಲಿ, ಮೊದಲ ವರ್ಷ ಶಸ್ತ್ರಚಿಕಿತ್ಸೆ ಆದ ಮಕ್ಕಳಿಗೆ ಸರಾಸರಿ 3.0 ಬಾರಿ, ಆಗದವರಿಗೆ 3.6 ಬಾರಿ ಗಂಟಲು ಬೇನೆ ಬಂದಿತ್ತು. ಶಸ್ತ್ರಚಿಕಿತ್ಸೆ ಆದವರ ಆ ಮೂರು ಬಾರಿಯಲ್ಲಿ ಒಂದು, ಶಸ್ತ್ರಚಿಕಿತ್ಸೆಯದ್ದೇ ನೋವು. ತೀವ್ರವಾಗಿ ನರಳುತ್ತಿದ್ದವರಿಗೆ ಲಾಭ ಹೆಚ್ಚು, ಸೌಮ್ಯವಾಗಿದ್ದವರಿಗೆ ತೀರಾ ಕಡಿಮೆ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಸ್ಟ್ರೆಪ್ಟೊಕಾಕಸ್ ಖಚಿತವಾದಾಗ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಪೂರ್ತಿ 10 ದಿನ ಕೊಡಬೇಕು. ಮೂರನೇ ದಿನಕ್ಕೆ ಮಗು ಆಟವಾಡುತ್ತಿದೆ ಎಂದು ನಿಲ್ಲಿಸುವುದು ಸೋಂಕು ಮರುಕಳಿಸಲು ದೊಡ್ಡ ಕಾರಣ. ರೋಗ ಶುರುವಾದ 9 ದಿನಗಳೊಳಗೆ ಔಷಧ ಆರಂಭಿಸಿದರೆ ಹೃದಯದ ಕವಾಟಕ್ಕೆ ಹಾನಿ ಮಾಡಬಲ್ಲ ಸಂಧಿವಾತ ಜ್ವರವನ್ನು ತಡೆಯಬಹುದು, ಹಾಗಾಗಿ ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಕಾದರೆ ನಷ್ಟವಿಲ್ಲ. ವೈರಸ್ ಬೇನೆಗೆ ಆ್ಯಂಟಿಬಯಾಟಿಕ್ ದಂಡ. ಎಪ್‌ಸ್ಟೈನ್-ಬಾರ್ ವೈರಸ್ (ಗಂಟಲು ಬೇನೆ ತರುವ ವೈರಸ್‌ಗಳಲ್ಲೊಂದು) ಇದ್ದಾಗ ಅಮಾಕ್ಸಿಸಿಲಿನ್ ಕೊಟ್ಟರೆ ಅನೇಕರಲ್ಲಿ ಮೈತುಂಬ ದದ್ದು ಎದ್ದು, ಅದನ್ನು ಪೆನಿಸಿಲಿನ್ ಅಲರ್ಜಿ ಎಂದು ತಪ್ಪಾಗಿ ಬರೆದಿಟ್ಟದ್ದು ಜೀವನಪರ್ಯಂತ ಉಳಿದುಬಿಡುತ್ತದೆ.

ಎಣಿಕೆ ಮುಟ್ಟದಿದ್ದರೂ ಬೇಗ ನಿರ್ಧರಿಸಬೇಕಾದ ಸಂದರ್ಭಗಳಿವೆ: ಟಾನ್ಸಿಲ್ ಪಕ್ಕ ಕೀವುಗಡ್ಡೆ ಒಂದಕ್ಕಿಂತ ಹೆಚ್ಚು ಬಾರಿ ಆದಾಗ, ಹಲವು ಆ್ಯಂಟಿಬಯಾಟಿಕ್‌ಗಳಿಗೆ ಅಲರ್ಜಿ ಇದ್ದಾಗ, ಅಥವಾ ಕೆಲವು ವಾರಗಳಿಗೊಮ್ಮೆ ಗಡಿಯಾರ ಇಟ್ಟಂತೆ ಜ್ವರ, ಬಾಯಿಹುಣ್ಣು, ಗಂಟಲುನೋವು ಒಟ್ಟಿಗೆ ಬರುವ ಪಿಎಫ್‌ಎಪಿಎ ಇದ್ದಾಗ.

ಗೊರಕೆ, ಉಸಿರುಕಟ್ಟುವಿಕೆ: ಇಲ್ಲಿ ತಕ್ಕಡಿ ಬೇರೆ

ಸೋಂಕಿಗೆ ತೆಗೆಯುವಾಗ ಕಾಯಲು ಅವಕಾಶ ಇದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಮಗುವಿನಲ್ಲಿ ಅಷ್ಟು ಅವಕಾಶವಿಲ್ಲ. ಅಲ್ಲಿ ರೋಗನಿರೋಧಕ ಶಕ್ತಿಯ ಚರ್ಚೆ ಹಿಂದಕ್ಕೆ ಸರಿಯುತ್ತದೆ, ಯಾಕೆಂದರೆ ಇನ್ನೊಂದು ತಟ್ಟೆಯಲ್ಲಿರುವುದು ಮಿದುಳಿಗೆ, ಹೃದಯಕ್ಕೆ ಸಿಗಬೇಕಾದ ಆಮ್ಲಜನಕ.

ಗಮನಿಸಬೇಕಾದದ್ದು: ವಾರದಲ್ಲಿ ಮೂರ್ನಾಲ್ಕು ರಾತ್ರಿಗಿಂತ ಹೆಚ್ಚು ಜೋರು ಗೊರಕೆ, ಗೊರಕೆ ಥಟ್ಟನೆ ನಿಂತು ಬಿಕ್ಕಿದಂತೆ ಮತ್ತೆ ಶುರುವಾಗುವುದು, ಕತ್ತು ಹಿಂದಕ್ಕೆ ಚಾಚಿ ಮಲಗುವುದು, ವಿಪರೀತ ಬೆವರು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಹಗಲು ತೂಕಡಿಕೆಗಿಂತ ಚಡಪಡಿಕೆಯೇ ಹೆಚ್ಚಿರುವುದು, ತೂಕ ಏರದಿರುವುದು. ಮಲಗಿದ ಒಂದೆರಡು ಗಂಟೆಯ ನಂತರ ಎದೆ ಮತ್ತು ಮುಖ ಕಾಣುವಂತೆ, ಸದ್ದೂ ಕೇಳುವಂತೆ ಎರಡು ನಿಮಿಷದ ವಿಡಿಯೊ ತೆಗೆದು ವೈದ್ಯರಿಗೆ ತೋರಿಸಿ.

ಟಾನ್ಸಿಲ್ ಗಾತ್ರವನ್ನು 1ರಿಂದ 4ರವರೆಗೆ ಗುರುತಿಸುತ್ತಾರೆ. ಗಂಟಲಿನ ಅಗಲದ ಶೇ. 25ರೊಳಗೆ ತುಂಬಿದ್ದರೆ 1, ಶೇ. 75 ಮೀರಿದರೆ 4. ಆದರೆ ಗಾತ್ರಕ್ಕೂ ಉಸಿರುಕಟ್ಟುವಿಕೆಯ ತೀವ್ರತೆಗೂ ನೇರ ಸಂಬಂಧವಿಲ್ಲ. 4ನೇ ಗ್ರೇಡಿನ ಮಗು ಸುಖವಾಗಿ ಮಲಗಿರಬಹುದು, 2ನೇ ಗ್ರೇಡಿನದು ನರಳುತ್ತಿರಬಹುದು. ರಾತ್ರಿ ಮಲಗಿದಾಗಿನ ಉಸಿರು, ಆಮ್ಲಜನಕ ಅಳೆಯುವ ನಿದ್ರಾ ಪರೀಕ್ಷೆ ಎಲ್ಲರಿಗೂ ಕಡ್ಡಾಯವಲ್ಲ. 2 ವರ್ಷದೊಳಗಿನವರು, ಬೊಜ್ಜು, ಡೌನ್ ಸಿಂಡ್ರೋಮ್, ಮುಖದ ಮೂಳೆಗಳ ದೋಷ, ಸ್ನಾಯು-ನರ ದೌರ್ಬಲ್ಯ, ಸಿಕಲ್ ಸೆಲ್ ಕಾಯಿಲೆ ಇರುವವರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಆಗಲೇಬೇಕು. ಗೊರಕೆ ಒಂದು ಹೇಳಿ ಟಾನ್ಸಿಲ್ ಇನ್ನೊಂದು ಹೇಳುವಾಗಲೂ ಮಾಡಿಸಬೇಕು. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಎಣಿಕೆ ಮಕ್ಕಳಲ್ಲಿ 1 ದಾಟಿದರೆ ಅಸಹಜ, 10 ಮುಟ್ಟಿದರೆ ತೀವ್ರ.

ಸೌಮ್ಯವಾಗಿದ್ದರೆ ಕಾಯಬಹುದೇ? 2013ರ ಚಾಟ್ ಎಂಬ ಪ್ರಯೋಗದಲ್ಲಿ 5ರಿಂದ 9 ವರ್ಷದ 464 ಮಕ್ಕಳಿದ್ದರು. ಏಳು ತಿಂಗಳ ನಂತರ ನಿದ್ರಾ ಪರೀಕ್ಷೆ ಸರಿಯಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 79, ಕಾದವರಲ್ಲಿ ಶೇ. 46. ಏಕಾಗ್ರತೆಯ ಪರೀಕ್ಷೆಯಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ, ಆದರೆ ನಡವಳಿಕೆ, ನಿದ್ದೆ, ಜೀವನದ ಗುಣಮಟ್ಟ ಶಸ್ತ್ರಚಿಕಿತ್ಸೆ ಆದವರಲ್ಲೇ ಹೆಚ್ಚು ಸುಧಾರಿಸಿತು. ಸೌಮ್ಯ ತೊಂದರೆಯ ಮಗುವನ್ನು ಆರು ತಿಂಗಳು ಕಣ್ಣಿಟ್ಟು ಕಾಯಲು ಈ ಅಂಕಿಗಳೇ ಆಧಾರ. ತೀವ್ರವಾದ ಮಗುವಿಗೆ ಇದು ಅನ್ವಯಿಸದು.

ಅಡಿನಾಯ್ಡ್ ಒಂದೇ ಕಾಟ ಕೊಡುತ್ತಿದ್ದರೆ

ಸದಾ ಬಾಯಿ ತೆರೆದಿರುವುದು, ಮೂಗು ಕಟ್ಟಿದಂತೆ ಅಡಗಿದ ದನಿ, ಒಂದೇ ಸಮನೆ ಸೋರುವ ಮೂಗು, ಟಿವಿ ಸದ್ದು ಹೆಚ್ಚಿಸುವುದು: ಇವು ಅಡಿನಾಯ್ಡ್ ಕಡೆ ಬೊಟ್ಟು ಮಾಡುತ್ತವೆ. ಪಕ್ಕದಿಂದ ತೆಗೆದ ಎಕ್ಸ್-ರೇ ಅಥವಾ ಮೂಗಿನ ಎಂಡೋಸ್ಕೋಪಿಯಲ್ಲಿ ಗಾತ್ರ ಗೊತ್ತಾಗುತ್ತದೆ. ನೆಗಡಿ ಇರುವ ವಾರ ತೆಗೆದ ಎಕ್ಸ್-ರೇ ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ, ಅದನ್ನು ನಂಬಬೇಡಿ.

ಮೊದಲ ಹೆಜ್ಜೆ ಮೂಗಿನ ಸ್ಟೀರಾಯ್ಡ್ ಸ್ಪ್ರೇ. ಮೊಮೆಟಾಸೋನ್ ಆದರೆ 2ರಿಂದ 11 ವರ್ಷದವರಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ ಪ್ರತಿ ಹೊಳ್ಳೆಗೆ 50 ಮೈಕ್ರೊಗ್ರಾಂ, ಆರರಿಂದ ಎಂಟು ವಾರ. ಸ್ಪ್ರೇ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಅನೇಕರು ಅದನ್ನು ಹೊಡೆಯುವ ಬಗೆಯೇ ತಪ್ಪಿರುತ್ತದೆ. ಮೊದಲು ಉಪ್ಪುನೀರಿನ ಹನಿಯಿಂದ ಮೂಗು ಶುಚಿ ಮಾಡಿ, ತಲೆ ತುಸು ಮುಂದೆ ಬಾಗಿಸಿ, ನಳಿಕೆಯ ತುದಿ ಮೂಗಿನ ನಡುಗೋಡೆಗೆ ತಾಗದೆ ಕಿವಿಯ ಕಡೆ ತಿರುಗಿರಬೇಕು. ನಡುಗೋಡೆಗೆ ಹೊಡೆದರೆ ರಕ್ತ ಒಸರುತ್ತದೆ, ಔಷಧ ಹಿಂದಕ್ಕೂ ಹೋಗುವುದಿಲ್ಲ. ಮಾಂಟೆಲುಕಾಸ್ಟ್ ಮಾತ್ರೆಯನ್ನೂ ಕೆಲವೊಮ್ಮೆ ಸೇರಿಸುತ್ತಾರೆ. ಅದು ಮಗುವಿನಲ್ಲಿ ದುಃಸ್ವಪ್ನ, ಸಿಡುಕು, ಖಿನ್ನತೆ ತರಬಹುದೆಂಬ ಕಟ್ಟುನಿಟ್ಟಿನ ಎಚ್ಚರಿಕೆ 2020ರಿಂದ ಇದೆ. ಅಂಥದ್ದು ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಕಿವಿಯ ಒಳಗೆ ನೀರು ನಿಂತು ಕೇಳಿಸುವುದು ಕಡಿಮೆಯಾಗಿದ್ದರೆ ವಯಸ್ಸು ನೋಡಿ ಆಯ್ಕೆ ಬದಲಾಗುತ್ತದೆ. 4 ವರ್ಷದೊಳಗೆ ಸಾಮಾನ್ಯವಾಗಿ ಕಿವಿಗೆ ಗ್ರಾಮೆಟ್ (ಕಿವಿಯ ತಮಟೆಯಲ್ಲಿ ಕೂರಿಸುವ ಪುಟ್ಟ ನಳಿಕೆ) ಮಾತ್ರ. ಮೂಗು ಕಟ್ಟುವಿಕೆ ಅಥವಾ ದೀರ್ಘಕಾಲದ ಅಡಿನಾಯ್ಡ್ ಸೋಂಕು ಇದ್ದರಷ್ಟೇ ಅಡಿನಾಯ್ಡ್ ಮುಟ್ಟುತ್ತಾರೆ. 4 ದಾಟಿದ ಮೇಲೆ ಅಡಿನಾಯ್ಡ್ ತೆಗೆಯುವುದರಿಂದ ಮತ್ತೆ ಗ್ರಾಮೆಟ್ ಬೇಕಾಗುವ ಸಾಧ್ಯತೆ ತಗ್ಗುತ್ತದೆ. ಇಲ್ಲಿ ಅಡಿನಾಯ್ಡ್‌ನ ಗಾತ್ರಕ್ಕಿಂತ ಅದು ಬ್ಯಾಕ್ಟೀರಿಯಾದ ಗೂಡಾಗಿ ಕಿವಿಗೆ ಸೋಂಕು ಹತ್ತಿಸುತ್ತಿರುವುದು ಮುಖ್ಯ.

ಅಡಿನಾಯ್ಡ್ ತೆಗೆಯುವ ಮುನ್ನ ಕಿರುನಾಲಿಗೆ ನೋಡುವುದನ್ನು ಮರೆಯಬಾರದು. ಅದು ಎರಡು ಸೀಳಾಗಿದ್ದರೆ ಅಂಗುಳದ ಒಳಗೆ ಮರೆಯಾದ ಸೀಳಿರಬಹುದು. ಅಂಥ ಮಗುವಿನಲ್ಲಿ ಅಂಗುಳ ಮೂಗಿನ ದಾರಿ ಮುಚ್ಚಲು ಅಡಿನಾಯ್ಡ್ ಒಂದು ಬಗೆಯ ಆಸರೆ. ಪೂರ್ತಿ ತೆಗೆದರೆ ಮಾತು ಮೂಗಿನಿಂದ ಬರಲು, ಕುಡಿದದ್ದು ಮೂಗಿಗೆ ಏರಲು ಶುರುವಾಗುತ್ತದೆ. ಬೇಕೇ ಬೇಕಾದರೆ ಮೇಲಿನ ಭಾಗ ಮಾತ್ರ ತೆಗೆಯುತ್ತಾರೆ.

ಪೂರ್ತಿ ತೆಗೆಯುವುದು, ಭಾಗಶಃ ತೆಗೆಯುವುದು

ಟಾನ್ಸಿಲ್ ಸುತ್ತ ಒಂದು ತೆಳು ಕವಚವಿದೆ, ಅದರಾಚೆ ಗಂಟಲಿನ ಸ್ನಾಯು. ಪೂರ್ತಿ ತೆಗೆಯುವಾಗ ಕವಚ ಸಮೇತ ಬಿಡಿಸುವುದರಿಂದ ಸ್ನಾಯು, ನರ, ರಕ್ತನಾಳ ಬತ್ತಲಾಗುತ್ತವೆ. ನೋವಿಗೂ ರಕ್ತಸ್ರಾವಕ್ಕೂ ಮೂಲ ಇದೇ. ಭಾಗಶಃ ವಿಧಾನದಲ್ಲಿ ಕವಚವನ್ನೂ ಅದಕ್ಕೆ ಅಂಟಿದ ತೆಳು ಟಾನ್ಸಿಲ್ ಪದರವನ್ನೂ ಉಳಿಸುತ್ತಾರೆ. ನೋವು ಕಡಿಮೆ, ರಕ್ತಸ್ರಾವ ಕಡಿಮೆ, ಊಟಕ್ಕೆ ಬೇಗ ಮರಳುತ್ತಾರೆ. ಉಳಿದ ಅಂಗಾಂಶ ತನ್ನ ಪ್ರತಿಕಾಯದ ಕೆಲಸವನ್ನೂ ಮುಂದುವರಿಸುತ್ತದೆ. ಕೊರತೆಯೆಂದರೆ ಕೆಲವರಲ್ಲಿ ಮತ್ತೆ ಬೆಳೆಯುತ್ತದೆ, ಅದೂ ಚಿಕ್ಕ ವಯಸ್ಸಿನಲ್ಲಿ ಮಾಡಿದಷ್ಟೂ ಹೆಚ್ಚು.

ಗೊರಕೆ, ಉಸಿರುಕಟ್ಟುವಿಕೆಯೇ ಕಾರಣವಾಗಿದ್ದರೆ, ಅನುಭವವಿರುವ ಶಸ್ತ್ರವೈದ್ಯರು ಸಿಕ್ಕರೆ, ಚಿಕ್ಕ ಮಗುವಿಗೆ ಭಾಗಶಃ ವಿಧಾನವೇ ಮೇಲು. ಪದೇ ಪದೇ ಸೋಂಕು, ಕೀವುಗಡ್ಡೆಗೆ ಪೂರ್ತಿ ತೆಗೆಯುವುದಕ್ಕೇ ಹೆಚ್ಚಿನ ಪುರಾವೆ ಇದೆ.

ಉಪಕರಣದ ಬಗ್ಗೆ ಜಾಹೀರಾತುಗಳು ಹೇಳುವಷ್ಟು ವ್ಯತ್ಯಾಸವಿಲ್ಲ. ಬಿಸಿ ಉಪಯೋಗಿಸುವ ವಿಧಾನಗಳಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿನ ರಕ್ತ ಕಡಿಮೆ. ಆದರೆ 2005ರಲ್ಲಿ ಪ್ರಕಟವಾದ ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನ ಸಮೀಕ್ಷೆಯಲ್ಲಿ, ಡಯಾಥರ್ಮಿ (ವಿದ್ಯುತ್ತಿನ ಬಿಸಿಯಿಂದ ಸುಡುವುದು) ಮತ್ತು ಕೊಬ್ಲೇಶನ್ (ರೇಡಿಯೊ ತರಂಗದಿಂದ ಅಂಗಾಂಶ ಕರಗಿಸುವುದು) ಬಳಸಿದವರಲ್ಲಿ ನಂತರದ ರಕ್ತಸ್ರಾವ ಸಾದಾ ಉಪಕರಣದವರಿಗಿಂತ ಹೆಚ್ಚಿತ್ತು. ‘ಯಾವ ಯಂತ್ರ?’ ಎಂದು ಕೇಳುವ ಬದಲು ‘ನಿಮ್ಮ ಕೈಯಲ್ಲಿ ನಂತರ ರಕ್ತ ಬಂದು ಮರಳಿ ಸೇರಿದವರು ಎಷ್ಟು?’ ಎಂದು ಕೇಳಿ.

ದೊಡ್ಡವರಲ್ಲಿ

ರೋಗನಿರೋಧಕ ನಷ್ಟದ ಚಿಂತೆ ಇಲ್ಲಿ ಇನ್ನೂ ಕಡಿಮೆ, ನೋವು ಮತ್ತು ರಕ್ತಸ್ರಾವ ಮಕ್ಕಳಿಗಿಂತ ಹೆಚ್ಚು. 2023ರಲ್ಲಿ ಪ್ರಕಟವಾದ ನಾಟಿನಾ ಪ್ರಯೋಗದಲ್ಲಿ 453 ಮಂದಿಯಲ್ಲಿ, ಎರಡು ವರ್ಷದಲ್ಲಿ ಗಂಟಲು ನೋವಿದ್ದ ದಿನಗಳು ತೆಗೆಸಿಕೊಂಡವರಿಗೆ 23, ಕಾದವರಿಗೆ 30. ಒಂದು ಬದಿಯ ಟಾನ್ಸಿಲ್ ಮಾತ್ರ ದಪ್ಪವಾಗುತ್ತಿದ್ದರೆ, ಹುಣ್ಣಾಗಿದ್ದರೆ, ಕತ್ತಿನಲ್ಲಿ ನೋವಿಲ್ಲದ ಗಂಟು ಇದ್ದರೆ ಈ ಲೆಕ್ಕಾಚಾರವೆಲ್ಲ ಪಕ್ಕಕ್ಕಿಟ್ಟು ಮೊದಲು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ತೆಗೆಸಿದರೆ ಮುಂದಿನ ಎರಡು ವಾರ

3 ವರ್ಷದೊಳಗಿನ ಮಗುವಿಗೂ ತೀವ್ರ ಉಸಿರುಕಟ್ಟುವಿಕೆ ಇದ್ದವರಿಗೂ ಅದೇ ದಿನ ಮನೆಗೆ ಕಳಿಸಬಾರದು, ರಾತ್ರಿ ಆಸ್ಪತ್ರೆಯಲ್ಲೇ ಆಮ್ಲಜನಕದ ಮಟ್ಟ ನೋಡುತ್ತಿರಬೇಕು. ನೋವಿಗೆ ಪ್ಯಾರಾಸಿಟಮಾಲ್ ಕಿಲೊಗೆ 15 ಮಿಲಿಗ್ರಾಂನಂತೆ ಆರು ಗಂಟೆಗೊಮ್ಮೆ, ಐಬುಪ್ರೊಫೆನ್ ಕಿಲೊಗೆ 10 ಮಿಲಿಗ್ರಾಂ ಆರರಿಂದ ಎಂಟು ಗಂಟೆಗೊಮ್ಮೆ ಸಾಮಾನ್ಯ ಪ್ರಮಾಣ. ನಿಮ್ಮ ಮಗುವಿನದನ್ನು ವೈದ್ಯರಿಂದ ಬರೆಸಿಕೊಳ್ಳಿ. ಮೊದಲ ದಿನಗಳಲ್ಲಿ ನೋವು ಬರಲೆಂದು ಕಾಯದೆ ಹೊತ್ತಿಗೆ ಸರಿಯಾಗಿ ಕೊಡಬೇಕು. ನೋವಿಗೆ ಹೆದರಿ ನುಂಗದ ಮಗು ನೀರು ಕುಡಿಯುವುದಿಲ್ಲ, ಒಣಗಿದ ಗಂಟಲು ಇನ್ನಷ್ಟು ನೋಯುತ್ತದೆ. 12 ವರ್ಷದೊಳಗೆ ಕೊಡೀನ್ ಕೊಡಲೇಬಾರದು: ಕೆಲವರ ಯಕೃತ್ತು ಅದನ್ನು ಅತಿ ವೇಗವಾಗಿ ಮಾರ್ಫಿನ್ ಆಗಿಸಿ, ನಿದ್ದೆಯಲ್ಲೇ ಉಸಿರು ನಿಂತ ಸಾವುಗಳಾಗಿವೆ. ಆಸ್ಪಿರಿನ್ ಕೂಡ ಬೇಡ. ಶಸ್ತ್ರಚಿಕಿತ್ಸೆಯ ನಂತರ ವಾಡಿಕೆಗೆ ಕೊಡುವ ಆ್ಯಂಟಿಬಯಾಟಿಕ್‌ನಿಂದ ಲಾಭ ಕಂಡಿಲ್ಲ.

ಗಾಯದ ಮೇಲೆ ಕೂರುವ ಬಿಳಿ-ಹಳದಿ ಪೊರೆ ಕೀವಲ್ಲ, ಕೆರೆಯಬೇಡಿ. ಬಾಯಿ ವಾಸನೆ, ಕಿವಿನೋವು ಒಂದು ವಾರ ಇರುವುದು ಸಹಜ. ಗಂಟಲಿನ ನರವೇ ಕಿವಿಗೂ ಹೋಗುವುದರಿಂದ ನೋವು ಅಲ್ಲಿಗೆ ಹರಿಯುತ್ತದೆ.

ರಕ್ತಸ್ರಾವ ಎರಡು ಹೊತ್ತಿನಲ್ಲಿ ಬರುತ್ತದೆ: ಮೊದಲ 24 ಗಂಟೆಯೊಳಗೆ, ಇಲ್ಲವೇ ಪೊರೆ ಉದುರುವ 5ರಿಂದ 10ನೇ ದಿನದ ನಡುವೆ. ಒಂದೊಂದರ ಸಾಧ್ಯತೆಯೂ ಸಾಮಾನ್ಯವಾಗಿ ಶೇ. 3ರೊಳಗೆ. ಅಡಿನಾಯ್ಡ್ ಮಾತ್ರ ತೆಗೆದರೆ ಶೇ. 1ಕ್ಕಿಂತ ಕಡಿಮೆ. ನಿದ್ದೆಯಲ್ಲಿ ಮಗು ಮತ್ತೆ ಮತ್ತೆ ನುಂಗುತ್ತಿದ್ದರೆ ರಕ್ತ ಹೊಟ್ಟೆಗೆ ಹೋಗುತ್ತಿರಬಹುದು, ಟಾರ್ಚ್ ಹಾಕಿ ನೋಡಿ. ಕೆಂಪು ರಕ್ತ ಕಂಡರೆ ಅಥವಾ ಕಂದು ಬಣ್ಣದ ವಾಂತಿಯಾದರೆ ನಿಲ್ಲುತ್ತದೇನೋ ಎಂದು ಕಾಯದೆ, ಕೂರಿಸಿ ಮುಂದಕ್ಕೆ ಬಾಗಿಸಿಕೊಂಡು, ತಿನ್ನಲು ಏನೂ ಕೊಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಣ್ಣದಾಗಿ ಬಂದು ನಿಂತ ರಕ್ತವೂ ದೊಡ್ಡ ಸ್ರಾವದ ಮುನ್ಸೂಚನೆಯಾಗಿರಬಹುದು. ಹತ್ತರಿಂದ ಹದಿನಾಲ್ಕು ದಿನ ಶಾಲೆ, ಓಟ, ಈಜು, ದೂರದ ಪ್ರಯಾಣ ಬೇಡ. ಅಡಿನಾಯ್ಡ್ ತೆಗೆದ ನಂತರ ಕತ್ತು ಒಂದು ಕಡೆ ವಾಲಿ ತಿರುಗಿಸಲಾಗದಿದ್ದರೆ, ವಿಶೇಷವಾಗಿ ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ, ಅದೇ ದಿನ ತೋರಿಸಬೇಕು: ಕತ್ತಿನ ಮೇಲಿನ ಎರಡು ಮೂಳೆಗಳು ಜರುಗಿರಬಹುದು.